ಹೆಸರಿಗೆ ಗುತ್ತಿಗೆದಾರ

ವಿಕ್ರೋಳಿಯಲ್ಲಿ ಲೋಕಲ್ ಹತ್ತುವಾಗ ಬಸವಂತರಾಯ ಬೇಕೆಂದೇ ಮಾಮನಿಗಿಂತ ನಾಲ್ಕಾರು ಜನ ಹಿಂದೆ ಉಳಿದ. ಉಳಿದದ್ದು ತನಗೇ ಗೊತ್ತಾಯಿತು, ಗೊತ್ತಾದದ್ದಕ್ಕೆ ಸಿಟ್ಟು ಬಂತು, ಆ ಸಿಟ್ಟು ಹೋಗಿ ಮಾಮನ ರುಮಾಲಿನ ಮೇಲೆ ಕೂತಿತು. ಮಾಮನ ಹೆಂಡತಿ, ಅತ್ತೆ ಬಸಲಿಂಗವ್ವ ನೀಲಿ ಹಾಕಿ ಒಗೆದ ಬಿಳಿ ರುಮಾಲು, ಆಫೀಸಿಗೆ ಹೋಗುವವರ ಎಣ್ಣೆ ಹಚ್ಚಿ ಬಾಚಿದ ತಲೆಗಳ ನಡುವೆ ಯಾವುದೋ ಸಂತೆಯಿಂದ ದಾರಿ ತಪ್ಪಿ ಬಂದದ್ದರ ಹಾಗೆ ಎದ್ದು ಕಾಣುತ್ತಿತ್ತು. ಮಾಮ ಅಣವೀರಪ್ಪ ಮಾತ್ರ ಅದರ ಪರಿವೆಯೇ ಇಲ್ಲದೆ ಮೇಲಿನ ಹಿಡಿಕೆಗೆ ಜೋತುಬಿದ್ದು, ಹಿಂದೆ ತಿರುಗಿ, ಅಳಿಯ ಹತ್ತಿದನೋ ಇಲ್ಲವೋ ಎಂದು ಹುಡುಕುತ್ತಿದ್ದ. ಕಣ್ಣಿಗೆ ಕಣ್ಣು ಕೂಡಿದಾಗ ಬಸವಂತರಾಯ ಒಮ್ಮೆ ತಲೆಯಾಡಿಸಿ ಕೂಡಲೆ ಕಿಟಕಿಯ ಕಡೆ ಹೊರಳಿದ. ತೆರಿಗೆ ಕಚೇರಿಯಿಂದ ಕರೆ ಬಂದದ್ದು ಅವನ ಹೆಸರಿಗೆ. ಮಾಮ ಬರಬೇಕಾಗಿರಲಿಲ್ಲ. ಬೇಡವೆಂದು ಹೇಳಲು ಎರಡು ದಿನದಿಂದ ಮಾತು ಜೋಡಿಸುತ್ತಿದ್ದ. ಬೆಳಿಗ್ಗೆ ಚಾಳಿನ ಬಾಗಿಲು ತೆರೆದರೆ ಮಾಮ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದ. "ಕೆಲಸ ನಂದದ, ನೀ ಒಬ್ನೇ ಯಾಕ ಬೈಸಿಗೋತಿ" ಎಂದ. ಬೈಸಿಕೊಳ್ಳಲು ಜೊತೆಯಾಗುತ್ತೇನೆಂದು ಹೊರಟ ಮನುಷ್ಯನಿಗೆ ಬೇಡವೆನ್ನುವುದು ಹೇಗೆ?

ಕೆಲಸ ಮಾಮನದು, ಹೆಸರು ಬಸವಂತರಾಯನದು. ಇಷ್ಟು ವರ್ಷ ಇದರಲ್ಲಿ ತೊಡಕೇನೂ ಕಂಡಿರಲಿಲ್ಲ. ಗುಲ್ಬರ್ಗಾ ಕಡೆಯಿಂದ ಬೊಂಬಾಯಿಗೆ ಬಂದ ಅಣವೀರಪ್ಪ ತಲೆಯ ಮೇಲೆ ಗಾರೆ ಹೊತ್ತು, ಆಮೇಲೆ ಕರಣೆ ಹಿಡಿದು, ಮೇಸ್ತ್ರಿಯಾಗಿ, ಕಂಪೌಂಡು ಗೋಡೆ ನೀರಿನ ತೊಟ್ಟಿ ಎಂದು ಸಣ್ಣಪುಟ್ಟ ಕೆಲಸ ವಹಿಸಿಕೊಂಡು ಮೇಲೆ ಬಂದವನು. ಸರ್ಕಾರಿ ಕೆಲಸ ಹಿಡಿಯಬೇಕೆಂದಾಗ ಗುತ್ತಿಗೆದಾರರ ಪಟ್ಟಿಯಲ್ಲಿ ಹೆಸರು ಸೇರಿಸಬೇಕಾಯಿತು. ಹೆಬ್ಬೆಟ್ಟಿನವರಿಗೆ ಅಂಥ ಕೆಲಸ ಸಿಗುವುದಿಲ್ಲವೆಂದು ಯಾರೋ ಹೆದರಿಸಿದರು. ನಿಜವೋ ಸುಳ್ಳೋ ವಿಚಾರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ಮೆಟ್ರಿಕ್ ಪಾಸಾಗಿ ಫೋರ್ಟಿನ ಕ್ಲಿಯರಿಂಗ್ ಏಜೆಂಟರೊಬ್ಬರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಅಕ್ಕನ ಮಗ ಹೇಗೂ ಇದ್ದ. ಆ ಅಕ್ಕನ ಮಗನನ್ನು ಊರಿಂದ ಕರೆತಂದು, ತನ್ನ ಖೋಲಿಯಲ್ಲೇ ಇಟ್ಟುಕೊಂಡು, ಟೈಪಿಂಗ್ ಕ್ಲಾಸಿಗೆ ಹಾಕಿದವನೂ ಅಣವೀರಪ್ಪನೇ. ಅಂದಿನಿಂದ ಬಸವಂತರಾಯ ಸಹಿ ಮಾಡುತ್ತ ಬಂದ. ಟೆಂಡರಿಗೆ, ಬಿಲ್ಲಿಗೆ, ಚೆಕ್ಕಿನ ಹಿಂಬದಿಗೆ. ಅವನಿಗೆ ಅದು ಅತ್ತೆ ಹೇಳಿದರೆ ಅಂಗಡಿಯಿಂದ ಬೆಲ್ಲ ತಂದುಕೊಡುವಂಥ ಕೆಲಸವಾಗಿತ್ತು. ಪವಾಯಿಯಲ್ಲಿ ಸರ್ಕಾರಿ ನಿಗಮವೊಂದರ ನೌಕರರಿಗೆ ಕಟ್ಟುತ್ತಿದ್ದ ಮನೆಗಳನ್ನು, ತನ್ನ ಸಹಿಯ ಮೇಲೆ ಏಳುತ್ತಿದ್ದ ಆ ಗೋಡೆಗಳನ್ನು, ಅವನು ಸರಿಯಾಗಿ ನೋಡಿಯೂ ಇರಲಿಲ್ಲ.

ಹೋದ ವರ್ಷ, ಎಪ್ಪತ್ತೆರಡರ ಏಪ್ರಿಲ್‌ನಿಂದ, ಕಾನೂನು ಬದಲಾಯಿತು. ಸರ್ಕಾರವಾಗಲಿ ಸರ್ಕಾರಿ ಕಂಪನಿಯಾಗಲಿ ಗುತ್ತಿಗೆದಾರನಿಗೆ ಬಿಲ್ಲು ಕೊಡುವಾಗಲೇ ನೂರಕ್ಕೆ ಎರಡನ್ನು ಆದಾಯ ತೆರಿಗೆಯೆಂದು ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕು. ಮೊದಲ ಸಲ ಹಿಡಿದಾಗ ಅಣವೀರಪ್ಪ ಬಿಲ್ ಕ್ಲಾರ್ಕನ ಮೇಜಿನ ಮುಂದೆ ನಿಂತು ಜಗಳವಾಡಿ ಬಂದಿದ್ದ. ಚೀಟಿ ತೋರಿಸಿದ ಮೇಲೆ ಸುಮ್ಮನಾಗಿ, ಚಾಳಿಗೆ ಬಂದು ಬಸಲಿಂಗವ್ವನ ಮುಂದೆ, ಇಷ್ಟು ದಿನ ತಿಂದವರು ಚೀಟಿ ಕೊಟ್ಟಿರಲಿಲ್ಲ, ಇವರು ತಿಂದು ಚೀಟಿ ಕೊಡುತ್ತಾರೆಂದು ಹೇಳಿ ನಗಿಸಿದ್ದ. ಆದರೆ ಚೀಟಿಯ ಮೇಲೆ ಬರೆದದ್ದು ಬಸವಂತರಾಯನ ಹೆಸರು. ಇಷ್ಟು ದಿನ ಯಾರಿಗೂ ಬೇಡವಾಗಿದ್ದ ಆ ಹೆಸರನ್ನು ಎಲ್ಲೋ ಯಾವನೋ ಗುಮಾಸ್ತ ಕೂತು ಎತ್ತಿ ಇಟ್ಟುಕೊಳ್ಳುತ್ತಿದ್ದ. ಇಷ್ಟು ದೊಡ್ಡ ಕೆಲಸ ಮಾಡುವ ಗುತ್ತಿಗೆದಾರ ಇಷ್ಟು ವರ್ಷ ಲೆಕ್ಕ ಏಕೆ ಒಪ್ಪಿಸಿಲ್ಲವೆಂದು ಕೇಳಿ ಪತ್ರ ಬಂತು. ಪಟ್ಟಿಯಲ್ಲಿ ಅವನು ಕೊಟ್ಟಿದ್ದ ವಿಳಾಸ ಆಫೀಸಿನದು, ಅದೂ ಮನೆಗೆ ಬರದೆ ಅಲ್ಲಿಗೆ ಬಂತು.

ಆ ಮಧ್ಯಾಹ್ನವನ್ನು ನೆನೆದರೆ ಈಗಲೂ ಅವನ ಕಿವಿ ಬಿಸಿಯಾಗುತ್ತಿತ್ತು. ಸೇಠ್ ಲಕೋಟೆಯನ್ನು ಎಲ್ಲರೆದುರಿಗೆ ಎತ್ತಿ ಹಿಡಿದು, ನಮ್ಮ ಟೈಪಿಸ್ಟ್ ಬಿಲ್ಡಿಂಗ್ ಕಟ್ಟಿಸುತ್ತಾನಂತೆ, ನನಗೂ ಒಂದು ಫ್ಲ್ಯಾಟ್ ಕೊಡಿಸೆನ್ನಿ ಎಂದ. ಎಲ್ಲರೂ ನಕ್ಕರು. ಬಸವಂತರಾಯನೂ ನಕ್ಕ. ಅವರು ನಕ್ಕದ್ದು ಬಿಲ್ಡಿಂಗ್ ಕಟ್ಟಿಸುವ ಯೋಗ್ಯತೆ ಇವನಿಗೆಲ್ಲಿ ಎಂದು. ತಾನು ನಕ್ಕದ್ದೂ ಅದಕ್ಕೇ. ಆದರೆ ತಿರುಗಿ ಬಂದು ಮೆಷಿನ್ನಿನ ಮುಂದೆ ಕೂತಾಗ ಒಳಗೆ ಏನೋ ಸಣ್ಣಗೆ ಉರಿಯಿತು. ಕಟ್ಟಿಸುತ್ತಿದ್ದೇನಲ್ಲ, ಕಾಗದದ ಮೇಲೆ ಹಾಗೇ ಇದೆಯಲ್ಲ. ಸಂಜೆ ಹೆಂಡತಿ ಕಸ್ತೂರಿಬಾಯಿಗೆ ಹೇಳಿದರೆ ಅವಳು ಹೆದರಿದಳು. ಪೊಲೀಸರು ಬಂದರೆ ನಮ್ಮ ಬಾಗಿಲಿಗೆ ಬರುತ್ತಾರೆ, ಮಾಮನ ಬಾಗಿಲಿಗಲ್ಲ ಎಂದಳು. ಸ್ವಲ್ಪ ಹೊತ್ತು ಬಿಟ್ಟು, ಹಿಟ್ಟು ನಾದುತ್ತಲೇ, "ತ್ರಾಸ ಬಂದ್ರ ನಮಗ ಬರ್ತದ ಅನ್ನೋದಾದ್ರ, ಬರೋದೆಲ್ಲಾ ನಮಗ ಬರಬೇಕಲ್ಲ" ಎಂದಳು. ಅವನು ಅವಳನ್ನು ಗದರಿಸಿದ. ಗದರಿಸುವಷ್ಟು ಆ ಮಾತು ತನಗೆ ಏಕೆ ತಟ್ಟಿತೆಂದು ವಿಚಾರಿಸಲಿಲ್ಲ.

ಬೋರಿಬಂದರಿನಲ್ಲಿ ಇಳಿದು ನಡೆಯುವಾಗ ಮಾಮ ರಸ್ತೆ ದಾಟುವ ಮೊದಲು ಅವನ ತೋಳು ಹಿಡಿದ. ಕಲ್ಲುಕಲ್ಲಾದ ಅಂಗೈ, ಮೊದಲ ಸಲ ಬೊಂಬಾಯಿಗೆ ಬಂದಿಳಿದ ದಿನ ಇದೇ ಸ್ಟೇಷನ್ನಿನ ಹೊರಗೆ ಇದೇ ಅಂಗೈ ತನ್ನ ತೋಳು ಹಿಡಿದಿತ್ತು, ಆಗ ಬಿಟ್ಟರೆ ಕಳೆದುಹೋಗುತ್ತೇನೆಂದು ತಾನೇ ಅದನ್ನು ಒತ್ತಿಕೊಂಡಿದ್ದ. ಈಗ ಎದುರಿನಿಂದ ಆಫೀಸಿನ ಯಾರಾದರೂ ಬಂದರೆ ಎಂದು ಅನ್ನಿಸಿ, ಕರ್ಚೀಫು ತೆಗೆಯುವ ನೆಪದಲ್ಲಿ ತೋಳು ಬಿಡಿಸಿಕೊಂಡ. ಮಾಮ ಅದನ್ನು ನೆಪವೆಂದು ತಿಳಿಯಲಿಲ್ಲ. ಬೆವರು ಒರೆಸಿಕೊ, ಭಾಳ ಬೆವತಿದ್ದಿ ಎಂದ.

ತೆರಿಗೆ ಕಚೇರಿಯ ಅಧಿಕಾರಿ ಕೂಗಾಡುವವನಾಗಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತೇನೋ. ಬೈಸಿಕೊಳ್ಳಲು ಇಬ್ಬರೂ ತಯಾರಾಗಿ ಬಂದಿದ್ದರು. ಆದರೆ ಆತ ವಯಸ್ಸಾದ, ದಣಿದ, ಒಳ್ಳೆಯ ಮನುಷ್ಯ. ಮೇಜಿನ ಮೂಲೆಯಲ್ಲಿ ಚಹಾದ ಫ್ಲಾಸ್ಕ್ ಇಟ್ಟುಕೊಂಡಿದ್ದ. ಬಸವಂತರಾಯನ ಹೆಸರನ್ನು ಪೂರ್ತಿಯಾಗಿ, ಮುಂದೆ ಮಿಸ್ಟರ್ ಸೇರಿಸಿ ಓದಿ, ಕುರ್ಚಿ ತೋರಿಸಿದ. ಇದ್ದದ್ದು ಒಂದೇ ಕುರ್ಚಿ. ಬಸವಂತರಾಯ ಕೂತ. ಮಾಮ ಹಿಂದೆ ನಿಂತ. ಸೇಠನ ಆಫೀಸಿನಲ್ಲಿ ಅವನನ್ನು ಯಾರೂ ಕುರ್ಚಿ ತೋರಿಸಿ ಕೂರಿಸಿದವರಿಲ್ಲ, ಹೆಸರನ್ನು ಪೂರ್ತಿ ಹೇಳಿದವರೂ ಇಲ್ಲ. ಆ ಬೆತ್ತದ ಕುರ್ಚಿಯ ಕೈಗಳ ಮೇಲೆ ಕೈ ಊರಿದಾಗ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅಧಿಕಾರಿ ಇಂಗ್ಲಿಷಿನಲ್ಲಿ ನಿಧಾನವಾಗಿ ತಿಳಿಸಿ ಹೇಳಿದ. ನಿಮ್ಮಂಥ ಗುತ್ತಿಗೆದಾರರು ಇಷ್ಟು ದಿನ ಬಂದಿರಿ ಹೋದಿರಿ, ಸರ್ಕಾರಕ್ಕೆ ನಿಮ್ಮ ಮುಖವೇ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ, ಅಷ್ಟೇ. ಹೆದರುವಂಥದೇನಿಲ್ಲ, ಲೆಕ್ಕ ಕೊಡಿ, ಹಿಡಿದದ್ದನ್ನು ತೆರಿಗೆಯಲ್ಲಿ ವಜಾ ಮಾಡುತ್ತೇವೆ. ಆಮೇಲೆ, ಈ ಸಂಪಾದನೆಯೆಲ್ಲ ನಿಮ್ಮೊಬ್ಬರದೇ ಏನು ಎಂದು ಕೇಳಿದ. ಕೇಳುತ್ತ ಹಿಂದೆ ನಿಂತವನ ಮೇಲೆ ಕಣ್ಣು ಹಾಯಿಸಿದ. ಇಬ್ಬರೂ ಸೇರಿ ನಡೆಸುವುದಾದರೆ ಒಂದು ಪಾಲುದಾರಿಕೆ ಪತ್ರ ಬರೆಸಿ, ನಿಗಮಕ್ಕೂ ತಿಳಿಸಿ. ದಿನಾ ಹತ್ತು ಜನ ಮಾಡುವ ಕೆಲಸ ಅದು. ಪಾಲಾದರೆ ತೆರಿಗೆಯೂ ಹಗುರವಾಗುತ್ತದೆ. "ಇವರು ನಿಮ್ಮ ಪಾರ್ಟ್‌ನರಾ?"

ಆ ಮಾತನ್ನು ಬಸವಂತರಾಯ ಆಮೇಲೆ ಎಷ್ಟೋ ಸಲ ತಿರುತಿರುಗಿ ಕೇಳಿಸಿಕೊಂಡ. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಅಧಿಕಾರಿ ಬಾಗಿಲು ತೆರೆದು, ಒಳಗೆ ಬನ್ನಿ ಎಂದು ಪಕ್ಕಕ್ಕೆ ಸರಿದು ನಿಂತಿದ್ದ. ಹೌದು ಎನ್ನಲು ಅವನು ಬಾಯಿಯನ್ನೂ ತೆರೆದ. ಆದರೆ ಹೌದೆಂದರೆ ಆತ ಇನ್ನೊಂದು ಕುರ್ಚಿ ತರಿಸುತ್ತಿದ್ದ, ಮಾಮ ಪಕ್ಕಕ್ಕೆ ಬಂದು ಕೂರುತ್ತಿದ್ದ, ಆ ರುಮಾಲು, ಸುಣ್ಣ ಕಚ್ಚಿದ ಉಗುರು, ಅರೆಬರೆ ಹಿಂದಿ ಎಲ್ಲ ಪಕ್ಕಕ್ಕೆ ಬಂದು ಕೂರುತ್ತಿತ್ತು. ಆಗ ಯಾರು ಗುತ್ತಿಗೆದಾರ, ಯಾರು ಬರೀ ಸಹಿ ಹಾಕುವವನು ಎಂದು ಎರಡೇ ಮಾತಿನಲ್ಲಿ ಗೊತ್ತಾಗಿಬಿಡುತ್ತಿತ್ತು. ಇದೆಲ್ಲ ಅವನು ಆಮೇಲೆ ಕೂಡಿಸಿಕೊಂಡ ಕಾರಣಗಳು. ಆ ಗಳಿಗೆಯಲ್ಲಿ ಕಾರಣವೇನೂ ಇರಲಿಲ್ಲ. "ನೋ ಸರ್, ಇವರು ನನ್ನ ಮುಕಾದಮ್" ಎಂದ, ಆಳುಗಳನ್ನು ನೋಡಿಕೊಳ್ಳುವ ಪಗಾರದ ಮನುಷ್ಯನೆಂಬಂತೆ. ಹೇಳಿದ ದನಿ ಸಣ್ಣದಾಗಿಯೂ ಇರಲಿಲ್ಲ, ನಡುಗಲೂ ಇಲ್ಲ. ಅಧಿಕಾರಿ ತಲೆಯಾಡಿಸಿ ಬರೆದುಕೊಂಡ. ಹಿಂದೆ ಮಾಮನ ಚಪ್ಪಲಿ ಒಮ್ಮೆ ಕಿರ್ರೆಂದಿತು. ಬಸವಂತರಾಯ ತಿರುಗಲಿಲ್ಲ. ಏಳುವಾಗ ಅಧಿಕಾರಿ ಅವನ ಕೈ ಕುಲುಕಿದ.

ಹೊರಗೆ ಬಂದು ಇಬ್ಬರೂ ನಡೆದರು. ಊಟದ ಹೊತ್ತಾಗಿತ್ತು. ಉಡುಪಿ ಹೋಟೆಲೊಂದರ ಮುಂದೆ ಮಾಮನೇ ನಿಂತು, ಏನಾದರೂ ತಿನ್ನೋಣವೆಂದ. ಒಳಗೆ ಆಫೀಸಿನವರ ಗದ್ದಲ, ಸಾಂಬಾರಿನ ಹಬೆ, ಅಮೃತಶಿಲೆಯ ಮೇಜಿನ ಮೇಲೆ ಹಿಂದಿನವನು ಚೆಲ್ಲಿದ ನೀರು. ಸಪ್ಲೈಯರ್ ಬಂದು ಮಾಮನ ಕಡೆ ನೋಡಿ, "ನಿಮಗೆಂತ ಕೊಡ್ಲಿ ಮಾರಾಯ್ರೇ?" ಎಂದ. ಮಾಮ ಇಡ್ಲಿ ಹೇಳಿ, ನೀರನ್ನು ಅಂಗೈಯಿಂದ ಕೆಳಕ್ಕೆ ಸರಿಸಿ, ಮೇಜು ಒಣಗುವ ತನಕ ಒರೆಸಿದ. ಗಾರೆ ಮೆತ್ತಿದ ಗೋಡೆಯನ್ನು ನಯ ಮಾಡುವವನ ಹಾಗೆ ಒಂದೇ ಕಡೆಗೆ, ಅವಸರವಿಲ್ಲದೆ. ಆಮೇಲೆ ಕೇಳಿದ.

"ಅಂವ ಪಾರ್ಟ್ನರ ಅಂತ ಏನೋ ಕೇಳ್ದ. ನೀ ನೋ ಅಂದಿ. ಹೌದಂದಿದ್ರ ಏನಾಗ್ತಿತ್ತು?"

ಇಲ್ಲಿಯೂ ಬಾಗಿಲು ತೆರೆದೇ ಇತ್ತು. ಇಂಗ್ಲಿಷಿನಲ್ಲಿ ತಪ್ಪಿದ್ದನ್ನು ಕನ್ನಡದಲ್ಲಿ ಸರಿ ಮಾಡಬಹುದಿತ್ತು. ಮಾಮಾ, ಬಾಯಿ ತಪ್ಪಿ ಅಂದೆ, ನಾಳೆ ಹೋಗಿ ಪತ್ರ ಬರೆಸೋಣ ಎಂದರೆ ಮಾಮ ಒಂದು ಮಾತೂ ಆಡುತ್ತಿರಲಿಲ್ಲ.

"ಕೆಲ್ಸ ಹೋಗ್ತಿತ್ತು ಮಾಮಾ. ಇಷ್ಟು ದಿನ ಒಬ್ಬರ ಹೆಸರು ಹೇಳಿ ಇನ್ನೊಬ್ಬರು ಮಾಡೀರಿ ಅಂತ ಪಟ್ಟಿಯಿಂದಾನೇ ಹೊಡದು ಹಾಕ್ತಿದ್ರು."

ಅಣವೀರಪ್ಪ ಅವನ ಮುಖವನ್ನೇ ನೋಡಿದ. ನೋಟದಲ್ಲಿ ಸಂಶಯವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. "ಹಂಗಿದ್ರ ಛಲೋ ಮಾಡ್ದಿ" ಎಂದ. ಅರ್ಧ ಕಟ್ಟಿದ ಮನೆಗಳಿವೆ, ನಂಬಿ ಬಂದ ಆಳುಗಳಿದ್ದಾರೆ, ನಡುವೆ ಬಿಡಿಸಿದರೆ ಅವರನ್ನು ಎಲ್ಲಿಗೆ ಕರೆದೊಯ್ಯುವುದು, ನಾನಾಗಿದ್ದರೆ ಹೌದಂದು ಎಲ್ಲ ಕೆಡಿಸುತ್ತಿದ್ದೆ, ಓದಿದವನು ಓದಿದವನೇ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಸಪ್ಲೈಯರನನ್ನು ಕರೆದು, ನಮ್ಮ ಹುಡುಗನಿಗೆ ಶಿರಾ ಕೊಡು, ತುಪ್ಪ ಜಾಸ್ತಿ ಹಾಕು ಎಂದ. ಬಿಸಿ ಶಿರಾ ಬಂತು. ಬಸವಂತರಾಯ ಅಷ್ಟನ್ನೂ ತಿಂದ. ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದೆಂದು ಕಾದ. ಸಿಕ್ಕಿಕೊಳ್ಳಲಿಲ್ಲ, ರುಚಿಯಾಗಿಯೇ ಇತ್ತು. ಅದೇ ಅವನಿಗೆ ಹೇಸಿಗೆಯೆನಿಸಿತು.

ಅಲ್ಲಿಂದಾಚೆ ಯಾವುದನ್ನೂ ಅವನು ಮಾಡಲಿಲ್ಲ, ಎಲ್ಲವೂ ಆಗುತ್ತ ಹೋಯಿತು. ಕನಿಷ್ಠ ಹಾಗೆಂದು ತನಗೆ ತಾನು ಹೇಳಿಕೊಂಡ. ಲೆಕ್ಕ ಬರೆಯಲು ಹಿಡಿದ ತೆರಿಗೆ ವಕೀಲ, ಗುತ್ತಿಗೆದಾರ ಸೈಟಿಗೇ ಹೋಗದಿದ್ದರೆ ಅನುಮಾನ ಬರುತ್ತದೆಂದ. ಬಸವಂತರಾಯ ಶನಿವಾರ ಶನಿವಾರ ಅರ್ಧ ದಿನದ ಆಫೀಸು ಮುಗಿಸಿ ಪವಾಯಿಗೆ ಹೋಗತೊಡಗಿದ. ಕೆರೆಯ ಕಡೆಯಿಂದ ಗಾಳಿ ಬೀಸುತ್ತಿತ್ತು, ಹಸಿ ಸಿಮೆಂಟಿನ ವಾಸನೆ ಮೊದಮೊದಲು ತಲೆನೋವು ತಂದು ಆಮೇಲೆ ಹಿತವಾಯಿತು. ವಕೀಲ ಹೇಳಿದನೆಂದು ಚೆಕ್ಕಿನ ಹಣ ಬಸವಂತರಾಯನ ಬ್ಯಾಂಕಿನ ಖಾತೆಯಲ್ಲೇ ಉಳಿಯಿತು, ಮಾಮ ಸಿಮೆಂಟಿಗೆ ಇಷ್ಟು ಉಸುಕಿಗೆ ಇಷ್ಟು ಎಂದು ಬಂದು ಕೇಳುವಂತಾಯಿತು. ಕೇಳುವಾಗ ಬಾಗಿಲ ಹೊರಗೇ ನಿಲ್ಲುತ್ತಿದ್ದ. ಒಳಗೆ ಬನ್ನಿರೆಂದು ಕಸ್ತೂರಿಬಾಯಿ ಕರೆಯುತ್ತಿದ್ದಳು, ಚಹಾ ಕೊಡುತ್ತಿದ್ದಳು, ಅವಳ ಮಾತಿನಲ್ಲಿ ಮರ್ಯಾದೆ ಮೊದಲಿಗಿಂತ ಹೆಚ್ಚಾಗಿತ್ತು. ಬಸಲಿಂಗವ್ವ ಎಂದಿನಂತೆ ರೊಟ್ಟಿ, ಶೇಂಗಾ ಹಿಂಡಿ ಕಳಿಸುತ್ತಿದ್ದಳು. ಕಳಿಸುವುದನ್ನು ನಿಲ್ಲಿಸಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಸಿಟ್ಟಾಗಲು ಒಂದು ಆಧಾರ ಸಿಗುತ್ತಿತ್ತು. ಆಳುಗಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಗಾರೆ ಹೊರುವ ಮಲ್ಲಕ್ಕ, ಮಾಮನ ಊರಿನವಳೇ, ಒಂದು ಶನಿವಾರ ಮಗಳಿಗೆ ಜ್ವರವೆಂದು ಮುಂಗಡ ಕೇಳಲು ಮಾಮನನ್ನು ದಾಟಿ ನೇರ ಅವನ ಹತ್ತಿರ ಬಂದಳು. ಮಾಮ ಇಟ್ಟಿಗೆಯ ರಾಶಿಯ ಪಕ್ಕ ನಿಂತು ಬೇರೆಲ್ಲೋ ನೋಡುತ್ತಿದ್ದ. ಬಸವಂತರಾಯ ಜೇಬಿಗೆ ಕೈ ಹಾಕಿದ. ಕೊಡುವುದರಲ್ಲಿ ಒಂದು ಸುಖವಿತ್ತು, ಅದನ್ನು ಇಷ್ಟು ವರ್ಷ ಮಾಮ ಒಬ್ಬನೇ ಅನುಭವಿಸಿದ್ದ.

ನಿಗಮದ ಜೂನಿಯರ್ ಎಂಜಿನಿಯರು ಬಂದದ್ದು ಮಳೆಗಾಲ ಮುಗಿದ ಮೇಲೆ, ಮೇಲಿನ ಮಹಡಿಯ ಗೋಡೆ ಏಳುವಾಗ. ಹರೆಯದ ಮರಾಠಿ ಮನುಷ್ಯ, ಅಣವೀರಪ್ಪನ ಕೆಲಸ ಕಂಡರೆ ಪ್ರೀತಿ. ಗೋಡೆ ತಟ್ಟಿ ನೋಡಿ, ಹಿಂದಿಯಲ್ಲಿ, ನಿನ್ನ ಹೆಸರೇಕೆ ಯಾವ ಕಾಗದದಲ್ಲೂ ಇಲ್ಲ, ಅಳಿಯನ ಜೊತೆ ಪಾಲುದಾರಿಕೆ ಮಾಡಿಕೊಳ್ಳಬಾರದೇ, ಈ ಹೊಸ ತೆರಿಗೆ ಬಂದ ಮೇಲೆ ಎಲ್ಲರೂ ಅದನ್ನೇ ಮಾಡುತ್ತಿದ್ದಾರಲ್ಲ ಎಂದು ಸಹಜವಾಗಿ ಕೇಳಿದ. ಬಸವಂತರಾಯ ಎರಡು ಹೆಜ್ಜೆಯಾಚೆ ನಿಂತಿದ್ದ. ಮಾಮ, ಹಾಗೆ ಮಾಡಿದರೆ ಕೆಲಸ ಹೋಗುತ್ತದಂತಲ್ಲ ಸಾಹೇಬ್ ಎಂದ. ಎಂಜಿನಿಯರು ನಕ್ಕ. ಯಾರು ಹೇಳಿದರು ನಿನಗೆ? ಹೆಸರು ಬದಲಿಸಲು ಒಂದು ಅರ್ಜಿ ಸಾಕು.

ಅಣವೀರಪ್ಪ ಗೋಡೆಯ ಕಡೆ ತಿರುಗಿದ. ಕೈಯಲ್ಲಿ ತೂಕದ ಗುಂಡಿನ ದಾರವಿತ್ತು. ಅದನ್ನು ಗೋಡೆಯ ಅಂಚಿನಿಂದ ಇಳಿಬಿಟ್ಟು, ಗುಂಡು ತೂಗಾಡಿ ನಿಲ್ಲುವ ತನಕ ನೋಡಿದ. ಬಸವಂತರಾಯನೂ ಅದನ್ನೇ ನೋಡಿದ. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು. "ಯಾರೋ ಹೇಳ್ದಂಗಿತ್ತು ಸಾಹೇಬ್, ನೆನಪಿಲ್ಲ" ಎಂದು ಮಾಮ ತನ್ನ ಹಿಂದಿಯಲ್ಲಿ ಹೇಳಿ, ಗೋಡೆ ಸರಿಯಿದೆಯೆಂದು ಆಳಿಗೆ ಸನ್ನೆ ಮಾಡಿ, ಇನ್ನೊಂದು ಸಾಲು ಇಟ್ಟಿಗೆ ತರಿಸಿದ. ಅಂದು ವಿಕ್ರೋಳಿಯ ತನಕ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಈಗ ಕೇಳುತ್ತಾನೆ, ಈಗ ಬೈಯುತ್ತಾನೆ ಎಂದು ಬಸವಂತರಾಯ ಮೈಯನ್ನೆಲ್ಲ ಬಿಗಿ ಹಿಡಿದು ಕೂತಿದ್ದ. ಕ್ಷಮೆ ಕೇಳುವ ಮಾತೂ ಸಿದ್ಧವಿತ್ತು. ಬೈದರೆ ಕೇಳಬಹುದಿತ್ತು. ಮಾಮ ಬೈಯಲಿಲ್ಲ. ಚಾಳಿನ ಮೆಟ್ಟಿಲ ಹತ್ತಿರ, ಅತ್ತೆಗೆ ಇದನ್ನು ಹೇಳಬೇಡ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾಳೆ ಎಂದಷ್ಟೇ ಹೇಳಿ ತನ್ನ ಖೋಲಿಯ ಕಡೆ ನಡೆದ. ಕೆಲಸ ಬಿಟ್ಟು ಹೋಗುವನೇನೋ ಎಂದು ಬಸವಂತರಾಯ ಹೆದರಿದ. ಬಿಟ್ಟುಹೋಗಲಿ ಎಂದೂ ಬಯಸಿದ. ಆದರೆ ಬಿಟ್ಟು ಹೋಗಲು ಏನಿತ್ತು? ಪಟ್ಟಿ, ಚೆಕ್ಕು, ಬ್ಯಾಂಕು ಎಲ್ಲ ಒಂದೇ ಹೆಸರಿನಲ್ಲಿದ್ದವು. ಅಷ್ಟು ವರ್ಷ ಕಟ್ಟಿದ್ದರಲ್ಲಿ ಅಣವೀರಪ್ಪನದೆಂದು ತೋರಿಸಲು ಅವನ ಎರಡು ಕೈ ಬಿಟ್ಟರೆ ಬೇರೇನೂ ಇರಲಿಲ್ಲ.

ವರ್ಷದ ಲೆಕ್ಕ ಒಪ್ಪಿಸುವ ಮುಂಚೆ ವಕೀಲ ಇನ್ನೊಂದು ಮಾತು ಹೇಳಿದ. ಮುಕಾದಮನೆಂದು ಹೇಳಿದ್ದೀರಿ, ಆದರೆ ಪಗಾರದ ಪುಸ್ತಕದಲ್ಲಿ ಆ ಮುಕಾದಮನೇ ಇಲ್ಲ. ಅಧಿಕಾರಿ ಕೇಳಿದರೆ ಏನು ಹೇಳುತ್ತೀರಿ? ವಾರದ ಬಟವಾಡೆಯಲ್ಲಿ ಅವರ ಹೆಸರು ಬರಲಿ, ಹೆಬ್ಬೆಟ್ಟು ಬೀಳಲಿ. ಬಸವಂತರಾಯ ವಾರವಿಡೀ ಅದನ್ನು ಮುಂದೂಡಿದ. ಇದು ಬರೀ ಕಾಗದಕ್ಕೆ ಎಂದು ಹೇಗೆ ಹೇಳುವುದು, ಯಾವಾಗ ಹೇಳುವುದು ಎಂದು ಟೈಪ್ ಮಾಡುತ್ತ ಯೋಚಿಸಿ ಸೇಠನ ಪತ್ರಗಳಲ್ಲಿ ತಪ್ಪು ಮಾಡಿದ, ಬೈಸಿಕೊಂಡ, ಬೈಸಿಕೊಂಡು ಸಮಾಧಾನಪಟ್ಟ. ಕೊನೆಗೆ ಹೇಳದೆಯೇ ಹೆಸರು ಬರೆದ.

ಶನಿವಾರ ಸಂಜೆ ಸೈಟಿನ ತಗಡಿನ ಶೆಡ್ಡಿನಲ್ಲಿ ಬಟವಾಡೆ. ಅವನು ಮಡಚುವ ಕುರ್ಚಿಯಲ್ಲಿ, ಮುಂದೆ ಮೇಜು, ಮೇಜಿನ ಮೇಲೆ ನೀಲಿ ಮಸಿಯ ಪ್ಯಾಡು. ಆಳುಗಳು ಸಾಲಾಗಿ ಬಂದು ಹೆಬ್ಬೆಟ್ಟು ಒತ್ತಿ ಹೋಗುತ್ತಿದ್ದರು. ಮಾಮ ಎಂದಿನಂತೆ ಪಕ್ಕಕ್ಕೆ ನಿಂತು, ಯಾರು ಎಷ್ಟು ದಿನ ಬಂದಿದ್ದರೆಂದು ಒಬ್ಬೊಬ್ಬರದೇ ಹೇಳುತ್ತಿದ್ದ. ಮಲ್ಲಕ್ಕನದು ಮುಗಿಯಿತು. ಮುಂದಿನ ಹೆಸರು ಓದಬೇಕು. ಬಸವಂತರಾಯ ಓದಲಿಲ್ಲ. ಬೆರಳು ಆ ಸಾಲಿನ ಮೇಲೆ ಹಾಗೇ ನಿಂತಿತು. ಓದಲು ಬಾರದ ಅಣವೀರಪ್ಪ ಆ ನಿಂತ ಬೆರಳನ್ನು ನೋಡಿದ, ಅಳಿಯನ ತಗ್ಗಿದ ಮುಖವನ್ನು ನೋಡಿದ. ಆಮೇಲೆ ಪಕ್ಕದಿಂದ ಸರಿದು ಮೇಜಿನ ಮುಂದಕ್ಕೆ ಬಂದು, ಮಲ್ಲಕ್ಕ ನಿಂತಿದ್ದ ಜಾಗದಲ್ಲಿ ನಿಂತ.

"ಮಾಮಾ, ಇದು ವಕೀಲ ಹೇಳ್ಯಾನಂತ..." ಎಂದು ಬಸವಂತರಾಯ ಶುರು ಮಾಡಿದ.

ಮಾಮ ಎಡಗೈಯ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿ, ಎಲ್ಲಿ ಎಂಬಂತೆ ನೋಡಿದ. ಬಸವಂತರಾಯ ಆ ಬೆರಳು ಹಿಡಿದು ಸಾಲಿನ ಮೇಲೆ ಇರಿಸಬೇಕಾಯಿತು. ಸುಣ್ಣದಲ್ಲಿ ಸವೆದು ಗೆರೆಗಳೇ ಅಳಿಸಿಹೋಗಿದ್ದ ಬೆರಳು. ಕಾಗದದ ಮೇಲೆ ಗುರುತು ಮೂಡಲಿಲ್ಲ, ಬರೀ ಒಂದು ನೀಲಿ ಕಲೆ ಬಿದ್ದಿತು. ಸಾಕೇನೋ ಎಂದು ಮಾಮನೇ ಕೇಳಿದ. ಸಾಕೆಂದ. ಕೊಟ್ಟದ್ದನ್ನು ಮಾಮ ಎಣಿಸದೆ ಅಂಗಿಯ ಜೇಬಿಗೆ ಹಾಕಿಕೊಂಡ. ಆಳುಗಳೆಲ್ಲ ಇತ್ತ ನೋಡುತ್ತಿದ್ದರು. ಇಲ್ಲಿಗೆ ಹೊರಟುಹೋಗುತ್ತಾನೆ ಎಂದುಕೊಂಡ ಬಸವಂತರಾಯ. ಮಾಮ ಹೊರಡಲಿಲ್ಲ. ಕೈಗಳನ್ನು ಕೂಡಿಸಿ ಮುಂದೆ ಕಟ್ಟಿಕೊಂಡು, ಊರಿಂದ ಹೊಸದಾಗಿ ಬಂದ ಆಳು ನಿಲ್ಲುವಷ್ಟು ದೂರದಲ್ಲಿ ನಿಂತ.

"ಸಾಹೇಬ್ರ, ಸೋಮವಾರ ಕೆಲಸ ಅದೇನ್ರಿ?"

ಬಸವಂತರಾಯ ಆ ದನಿಯಲ್ಲಿ ಕೊಂಕು ಹುಡುಕಿದ. ಸಿಟ್ಟು ಹುಡುಕಿದ. ಕೂಲಿಯವನು ವಾರದ ಕೊನೆಗೆ ಕೇಳುವ ಮಾತು ಹೇಗಿರುತ್ತದೋ ಹಾಗೇ ಇತ್ತು. ಏನಾದರೂ ಅನ್ನಬೇಕಿತ್ತು, ಎದ್ದು ನಿಲ್ಲಬೇಕಿತ್ತು, ಕುರ್ಚಿ ಬಿಟ್ಟು ಆ ಕೈಗಳನ್ನು ಹಿಡಿಯಬೇಕಿತ್ತು. ಇಡೀ ಶೆಡ್ಡು ಉತ್ತರಕ್ಕಾಗಿ ಕಾಯುತ್ತಿತ್ತು. ಬಸವಂತರಾಯ ಪುಸ್ತಕದಿಂದ ತಲೆಯೆತ್ತಲಿಲ್ಲ.

"ಅದ" ಎಂದ. "ಎಂಟಕ್ಕ ಬರ್ರಿ."